ಜನತಾ ಬಜಾರ್: ಕೊರತೆಯ ಕಾಲ ಕಟ್ಟಿದ ಅಂಗಡಿ

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಿಂದ ಪೇಟೆಯೊಳಗೆ ನಡೆದರೆ ‘ಸಹಕಾರಿ’ ಎಂದು ಬರೆದ ಬೋರ್ಡುಗಳಿಗೆ ಬರವಿಲ್ಲ. ಬೈಂದೂರಿನಲ್ಲೂ ಹಾಗೆಯೇ, ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲೂ ಹಾಗೆಯೇ. ಠೇವಣಿಗೆ ಎಷ್ಟು ಬಡ್ಡಿ, ಗ್ರಾಂ ಚಿನ್ನಕ್ಕೆ ಎಷ್ಟು ಸಾಲ ಎಂಬ ಫ್ಲೆಕ್ಸುಗಳು ಗಾಜಿನ ಬಾಗಿಲಿನ ಮೇಲೆ ಮಿನುಗುತ್ತವೆ. ಸಹಕಾರ ನಮ್ಮ ಕರಾವಳಿಯಲ್ಲಿ ಸತ್ತುಹೋಗಿದೆ ಎಂದು ಯಾರೂ ಹೇಳುವ ಹಾಗಿಲ್ಲ. ಆದರೆ ಇದೇ ಪದವನ್ನು ಹೊತ್ತು ಅಕ್ಕಿ, ಬೇಳೆ, ಸಕ್ಕರೆ, ಸೀರೆ, ಕೊಡೆ, ಶಾಲೆಯ ನೋಟ್‌ಬುಕ್ಕು, ಬಟ್ಟೆ ಸೋಪು ಎಲ್ಲವನ್ನೂ ಒಂದೇ ಸೂರಿನಡಿ ಮಾರುತ್ತಿದ್ದ ಅಂಗಡಿಯೊಂದಿತ್ತು. ಈಗಿನ ಹುಡುಗರನ್ನು ಕೇಳಿದರೆ ಆ ಹೆಸರೇ ಗೊತ್ತಿಲ್ಲ ಎನ್ನುತ್ತಾರೆ. ಅದು ಜನತಾ ಬಜಾರ್.

ಕಾಗದದ ಮೇಲಿನ ಅದರ ಹೆಸರು ಜಿಲ್ಲಾ ಕೇಂದ್ರ ಸಹಕಾರಿ ಸಗಟು ಮಾರಾಟ ಸಂಘ. ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಉಡುಪಿಯಲ್ಲಿ ಜನ ಅದನ್ನು ಜನತಾ ಬಜಾರ್ ಎಂದೇ ಕರೆದರು. ನಮ್ಮ ಮೂರು ಊರಿನ ಮಂದಿಗೆ ಸಹಕಾರಿ ಅಂಗಡಿಯ ಪರಿಚಯ ಎರಡು ರೂಪದಲ್ಲಿತ್ತು. ಉಡುಪಿ, ಮಂಗಳೂರಿಗೆ ಹೋದಾಗ ಹೊಕ್ಕು ಬರುವ ಬಜಾರು ಒಂದು. ಊರಲ್ಲೇ ಇರುವ ‘ಸೊಸೈಟಿ’ ಇನ್ನೊಂದು. ಸಗಟು ಸಂಘ ದೊಡ್ಡ ಪ್ರಮಾಣದಲ್ಲಿ ಮಾಲು ಕೊಂಡು ಸಣ್ಣ ಸಂಘಗಳಿಗೆ ಹಂಚಬೇಕು, ತಾನೂ ಮಳಿಗೆ ತೆರೆದು ಚಿಲ್ಲರೆಗೆ ಮಾರಬೇಕು, ನಡುವಿನ ದಲ್ಲಾಳಿಯ ಪಾಲು ಗ್ರಾಹಕನಿಗೇ ಉಳಿಯಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಇದು ಯಾರೋ ವ್ಯಾಪಾರಿ ಲಾಭ ನೋಡಿ ಶುರು ಮಾಡಿದ್ದಲ್ಲ, ಯುದ್ಧ ಹುಟ್ಟಿಸಿದ್ದು. 1962ರ ಅಕ್ಟೋಬರ್‌ನಲ್ಲಿ ಚೀನಾ ಗಡಿಯಲ್ಲಿ ಕದನ ಸುರುವಾಯಿತು. ಸಾಮಾನು ಬಚ್ಚಿಟ್ಟು ಬೆಲೆ ಏರಿಸುವವರ ಭಯದಿಂದ ನವೆಂಬರ್‌ನಲ್ಲೇ ಕೇಂದ್ರ ಸರ್ಕಾರ ಗ್ರಾಹಕರ ಸಹಕಾರ ಸಂಘಗಳ ಯೋಜನೆಯನ್ನು ಕೈಗೆತ್ತಿಕೊಂಡಿತು. 50,000ಕ್ಕಿಂತ ಹೆಚ್ಚು ಜನ ಇರುವ ಪಟ್ಟಣಗಳಲ್ಲಿ 200 ಸಗಟು ಭಂಡಾರ, ಅವುಗಳ ಕೆಳಗೆ 4,000 ಸಣ್ಣ ಮಳಿಗೆ ತೆರೆಯುವುದು ಗುರಿ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ 4.76 ಇದ್ದದ್ದು 7.50ಕ್ಕೆ ಏರಿದಾಗ ಬೆಲೆ ಕೈಮೀರುವ ಅಂಜಿಕೆ ಮತ್ತೆ ಎದ್ದಿತು. ದೊಡ್ಡ ನಗರಗಳಲ್ಲಿ ಸಹಕಾರಿ ಡಿಪಾರ್ಟ್‌ಮೆಂಟ್ ಸ್ಟೋರುಗಳು ಬಂದದ್ದು ಆಗ. ದೆಹಲಿಯ ಸೂಪರ್ ಬಜಾರ್ ಬಾಗಿಲು ತೆರೆದದ್ದು ಮರುತಿಂಗಳೇ.

ಆದರೂ ನಮ್ಮ ಸೀಮೆಗೆ ಸಹಕಾರವನ್ನು ದೆಹಲಿ ಕಲಿಸಬೇಕಿರಲಿಲ್ಲ. ಕುಂದಾಪುರ ಸೀಮೆಯ ಮೊಳಹಳ್ಳಿಯನ್ನು ಹೆಸರಿನಲ್ಲೇ ಹೊತ್ತ ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದರು. ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಅವರ ಮುಂದಾಳ್ತನದಲ್ಲಿ, ಅದೂ ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆನಿಂತಾಗ ಅವರ ಹತ್ತಾರು ಸಾಹಸಗಳಿಗೆ ಬೆಂಬಲವಾಗಿ ನಿಂತವರೂ ಇದೇ ಶಿವರಾಯರು. ಸಾಲ ಕೊಡುವ ಸಂಘ ಕಟ್ಟುವುದರಲ್ಲಿ ನಮ್ಮವರು ಮೊದಲಿನಿಂದಲೂ ಗಟ್ಟಿಗರು. ಅಂಗಡಿ ನಡೆಸುವ ಸಂಘದಲ್ಲಿ ಅಷ್ಟು ಗಟ್ಟಿಗರಾಗಲಿಲ್ಲ. ಈ ವ್ಯತ್ಯಾಸ ಅವನತಿಯ ಕಥೆಗೆ ತುಂಬ ಮುಖ್ಯ.

ಆ ಅಂಗಡಿಯ ಒಳಗಿನ ರೀತಿ ಹೀಗಿತ್ತು. ಬಾಗಿಲ ಪಕ್ಕದಲ್ಲಿ ಕರಿಹಲಗೆ, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ದಿನದ ದರ ಮತ್ತು ದಾಸ್ತಾನು. ಸಕ್ಕರೆ ಇಷ್ಟು, ತೊಗರಿಬೇಳೆ ಇಷ್ಟು, ಪಾಮೋಲಿನ್ ‘ಇಲ್ಲ’. ಒಂದು ಕೌಂಟರಿನಲ್ಲಿ ನಿಂತು ಬೇಕಾದ್ದನ್ನು ಹೇಳಿದರೆ ಗುಮಾಸ್ತ ಕಾರ್ಬನ್ ಹಾಳೆ ಇಟ್ಟು ಬಿಲ್ ಬರೆಯುತ್ತಿದ್ದ. ಬಿಲ್ ಹಿಡಿದು ಕ್ಯಾಶ್ ಕೌಂಟರಿಗೆ ಹೋಗಿ ದುಡ್ಡು ಕಟ್ಟಬೇಕು, ಅಲ್ಲಿ ಠಪ್ಪನೆ ಸೀಲು ಬೀಳುತ್ತಿತ್ತು. ಸೀಲು ಬಿದ್ದ ಚೀಟಿಯನ್ನು ಮೂರನೆಯ ಕಡೆ ಕೊಟ್ಟರೆ ತೂಗಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಸುತ್ತ ದಾರ ಬಿಗಿದು ಕೈಗಿಡುತ್ತಿದ್ದರು. ಒಂದು ಕಿಲೋ ಸಕ್ಕರೆಗೆ ಮೂರು ಕಡೆ ಸಾಲು. ಇಂದು ಕೇಳುವಾಗ ಸುಸ್ತೆನಿಸುತ್ತದೆ, ಆಗ ಆ ಸಾಲಿನಲ್ಲಿ ನಿಲ್ಲುವುದಕ್ಕೆ ಕಾರಣವಿತ್ತು. ತೂಕದಲ್ಲಿ ಮೋಸವಿಲ್ಲ, ಕಲಬೆರಕೆ ಇಲ್ಲ, ಹಲಗೆಯ ಮೇಲಿನ ದರ ತಾಲೂಕು ಆಫೀಸಿನ ಸಾಹೇಬರಿಗೂ ಗದ್ದೆಯಿಂದ ಬಂದ ಹೆಂಗಸಿಗೂ ಒಂದೇ.

ಇದರ ಬೆಲೆ ತಿಳಿಯಬೇಕಾದರೆ ಅಂದಿನ ದಿನಸಿ ಅಂಗಡಿಯನ್ನು ನೆನೆಯಬೇಕು. ಗೇಣಿ ಕೊಟ್ಟು ಉಳಿದ ಅಕ್ಕಿ ಮಳೆಗಾಲಕ್ಕೆ ಮುಗಿದರೆ ಮುಂದಿನ ದಾರಿ ಅಂಗಡಿಯ ಕಡ. ಪುಸ್ತಕದಲ್ಲಿ ಬರೆಸಿ ತಂದ ಸಾಮಾನಿನ ದರವನ್ನು ಪ್ರಶ್ನಿಸುವ ಬಾಯಿ ಸಾಲಗಾರನಿಗಿರುವುದಿಲ್ಲ. ಮುಡಿ, ಕಳಸಿಗೆ, ಸೇರು ಎಂಬ ಅಳತೆಗಳಿಂದ ಕಿಲೋ, ಲೀಟರಿಗೆ ದೇಶ ಹೊರಳಿದ್ದೂ 1962ರ ಹೊತ್ತಿಗೇ. ಆ ಗೊಂದಲದಲ್ಲಿ ಕಳೆದುಕೊಂಡವರು ಅಕ್ಷರ ಬಾರದವರು. ಅಂಥ ಕಾಲದಲ್ಲಿ ಹಲಗೆಯ ಮೇಲೆ ದರ ಬರೆದಿಡುವ ಅಂಗಡಿಯೊಂದು ಇದೆ ಎಂಬುದೇ ಇಡೀ ಪೇಟೆಯ ಬೆಲೆಯನ್ನು ಹಿಡಿದಿಡುತ್ತಿತ್ತು. ಅಲ್ಲಿ ಕೊಳ್ಳದವರಿಗೂ ಅದರ ಲಾಭ ಸಿಕ್ಕಿತು. ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣದ ಆ ಲಾಭವೇ ಜನತಾ ಬಜಾರಿನ ದೊಡ್ಡ ಕೊಡುಗೆ ಎಂದು ನಾನು ನಂಬುತ್ತೇನೆ.

ಹಳ್ಳಿಯಲ್ಲಿ ಆ ಕೆಲಸ ಸೊಸೈಟಿಯದು. ‘ಸೊಸೈಟಿಗೆ ಸಕ್ರಿ ಬಂದಿತ್ತಾ?’ ‘ಇಲ್ಲೆ, ಬಪ್ಪು ವಾರ ಬತ್ತಂಬ್ರ್’ ಎಂಬ ಮಾತು ಬಸ್ಸಿನಲ್ಲಿ, ಗದ್ದೆಯಂಚಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕೇಳಿಸುತ್ತಿತ್ತು. ಚೌತಿಗೆ, ದೀಪಾವಳಿಗೆ ಸಕ್ಕರೆ ಹೆಚ್ಚು ಬಿಟ್ಟರೆ ಅದೇ ಊರಿಗೆ ಸುದ್ದಿ. ಚಿಮಿಣಿ ಎಣ್ಣೆಯ ದಿನ ಡಬ್ಬಗಳ ಸಾಲು. ಇದರ ಜೊತೆಗೆ ಕಂಟ್ರೋಲ್ ಬಟ್ಟೆ. 1964ರಲ್ಲಿ ಶುರುವಾದ ನಿಯಂತ್ರಿತ ಬಟ್ಟೆಯ ಯೋಜನೆಯಂತೆ ಗಿರಣಿಗಳು ಅಗ್ಗದ ಬಟ್ಟೆಯನ್ನು ಇಷ್ಟಿಷ್ಟು ನೇಯಲೇಬೇಕಿತ್ತು; 1976ರಲ್ಲಿ ಕೈಮಗ್ಗದ ಜನತಾ ಸೀರೆ, ಜನತಾ ಪಂಚೆಗಳೂ ಬಂದವು. ಶಾಲೆ ಸುರುವಾಗುವ ಜೂನ್‌ನಲ್ಲಿ ಮೂರ್ನಾಲ್ಕು ಮಕ್ಕಳಿಗೆ ಒಂದೇ ಥಾನಿನಿಂದ ಚಡ್ಡಿ, ಲಂಗ ಹೊಲಿಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಸದಸ್ಯರೇ ಒಡೆಯರಾದ ಅಂಗಡಿಯ ಮಾದರಿ ಇಂಗ್ಲೆಂಡಿನ ರಾಚ್‌ಡೇಲ್‌ನದು. 1844ರ ಡಿಸೆಂಬರ್ 21ರಂದು ಅಲ್ಲಿನ ನೇಕಾರರೂ ಇತರ ದುಡಿಯುವವರೂ ಸೇರಿ ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸು, ಮೇಣದಬತ್ತಿ ಇಷ್ಟೇ ಮಾಲಿನೊಂದಿಗೆ ಮಳಿಗೆ ತೆರೆದರು. ಅವರ ನಿಯಮಗಳಲ್ಲಿ ಒಂದು ಅಪೂರ್ವವಾದದ್ದು: ವರ್ಷದ ಲಾಭವನ್ನು ಯಾರ ಷೇರು ಎಷ್ಟು ಎಂದು ನೋಡಿ ಹಂಚುವುದಲ್ಲ, ಯಾರು ಎಷ್ಟು ಕೊಂಡರು ಎಂದು ನೋಡಿ ಹಂಚುವುದು. ಅಂದರೆ ಸದಸ್ಯ ತನ್ನ ಅಂಗಡಿಯಲ್ಲೇ ಕೊಳ್ಳುವುದಕ್ಕೆ ಗಟ್ಟಿ ಕಾರಣವಿತ್ತು. ನಮ್ಮ ಜನತಾ ಬಜಾರುಗಳಲ್ಲಿ ಸೊರಗಿದ್ದು ಈ ಎಳೆಯೇ. ಬಂಡವಾಳದಲ್ಲಿ ಸರ್ಕಾರದ ಪಾಲು, ಆಡಳಿತದಲ್ಲಿ ಸರ್ಕಾರದ ಅಧಿಕಾರಿ, ಮಾಲು ಕೂಡ ಸರ್ಕಾರದ ಹಂಚಿಕೆ. ಷೇರಿನ ಚೀಟಿ ಟ್ರಂಕಿನಲ್ಲಿಟ್ಟ ಸದಸ್ಯನಿಗೆ ಇದು ನನ್ನ ಅಂಗಡಿ ಅನ್ನಿಸಲಿಲ್ಲ, ಗೌರ್ಮೆಂಟಿನ ಅಂಗಡಿ ಅನ್ನಿಸಿತು.

ಬಿದ್ದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ನೌಕರರ ಸೋಮಾರಿತನ, ಆಡಳಿತ ಮಂಡಳಿಯ ರಾಜಕೀಯ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅವೂ ಇದ್ದವು. ಆದರೆ ಎಲ್ಲ ತಪ್ಪನ್ನೂ ಕೌಂಟರಿನ ಹಿಂದೆ ನಿಂತವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗ್ರಾಹಕನಿಗೆ ಬೇಕಾದ ಬಟ್ಟೆ ತರಿಸುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಹಂಚಿಕೆಯಲ್ಲಿ ಬಂದ ಒರಟು ಬಟ್ಟೆ ಮಾರಾಟವಾಗದೆ ಕಪಾಟಿನಲ್ಲೇ ಉಳಿಯುತ್ತಿತ್ತು, ಹಾಕಿದ ಬಂಡವಾಳ ಅದರೊಳಗೇ ಸಿಕ್ಕಿಕೊಳ್ಳುತ್ತಿತ್ತು. ಲಾಭದಂಚು ತೀರ ತೆಳು. ಆಸ್ಪತ್ರೆ, ಹಾಸ್ಟೆಲು, ಕಚೇರಿಗಳಿಗೆ ಉದ್ದರಿಯಲ್ಲಿ ಸಾಮಾನು ಹೋಗುತ್ತಿತ್ತು, ಬಿಲ್ಲಿನ ಹಣ ಬರುವುದು ಎಂದೋ. ಸರ್ಕಾರಿ ಖರೀದಿಗೆ ಟೆಂಡರಿನ ನಿಯಮ ಬಿಗಿಯಾದ ಮೇಲೆ ಆ ವ್ಯಾಪಾರಕ್ಕೂ ಪೈಪೋಟಿ ಬಂತು.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮೊದಲು ಪೊಟ್ಟಣದ ಸಾಮಾನಿನ ಮೇಲೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚಾಗುತ್ತಿತ್ತು. ಆ ತೆರಿಗೆ ಎಷ್ಟು ಎಂಬುದು ಅಂಗಡಿಯವನ ಬಾಯಿಮಾತು. 1990ರ ಬದಲಾವಣೆಯೊಂದಿಗೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ನಾವು ಎಂಆರ್‌ಪಿ ಎನ್ನುವುದು, ಪೊಟ್ಟಣದ ಮೇಲೆಯೇ ಬಂತು. ಕರಿಹಲಗೆಯ ಕೆಲಸ ಅಲ್ಲಿಗೆ ಅರ್ಧ ಮುಗಿಯಿತು. ಮರುವರ್ಷದ ಉದಾರೀಕರಣ ಕೊರತೆಯನ್ನೇ ಕರಗಿಸಿತು. ಬಟ್ಟೆ, ಸೋಪು, ಎಣ್ಣೆ ಎಲ್ಲೆಲ್ಲೂ ಸಿಗತೊಡಗಿದ ಮೇಲೆ ಮೂರು ಸಾಲಿನಲ್ಲಿ ನಿಲ್ಲುವವರು ಯಾರು? ಆಮೇಲೆ ಬಂದ ಖಾಸಗಿ ಸೂಪರ್ ಮಾರ್ಕೆಟ್ಟುಗಳು ಗ್ರಾಹಕನ ಕೈಗೇ ಬುಟ್ಟಿ ಕೊಟ್ಟವು, ಎಂಆರ್‌ಪಿಗಿಂತ ಕಡಿಮೆಗೆ ಮಾರಿದವು, ರಾತ್ರಿಯವರೆಗೂ ತೆರೆದಿಟ್ಟವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು, ಹೆದ್ದಾರಿ ಅಗಲವಾಯಿತು, ಮುಂಬೈ, ಬೆಂಗಳೂರು, ಗಲ್ಫಿನ ದುಡ್ಡು ಊರಿಗೆ ಬಂತು. ಕಾರು ನಿಲ್ಲಿಸಲು ಜಾಗವಿದ್ದ ಕಡೆಗೆ ವ್ಯಾಪಾರ ಸರಿಯಿತು.

ಇದು ನಮ್ಮ ಜಿಲ್ಲೆಯ ಪಾಡು ಮಾತ್ರವಲ್ಲ. ದೆಹಲಿಯ ಸೂಪರ್ ಬಜಾರನ್ನು ಮುಚ್ಚುವ ಆದೇಶ 2002ರಲ್ಲಿ ಹೊರಬಿತ್ತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಏಷ್ಯಾಟಿಕ್ ಬಿಲ್ಡಿಂಗ್ ಊರಿಗೆಲ್ಲ ಜನತಾ ಬಜಾರ್ ಕಟ್ಟಡವೆಂದೇ ಗುರುತು. ಅದನ್ನು ಕೆಡವುವ ಪ್ರಸ್ತಾಪ ಬಂದಾಗ ಪಾರಂಪರಿಕ ಕಟ್ಟಡ ಉಳಿಸುವವರು ಹೈಕೋರ್ಟಿಗೆ ಹೋದರು. ಕಟ್ಟಡಕ್ಕಾಗಿ ಅಷ್ಟು ಮಂದಿ ನಿಂತದ್ದು ಸಂತೋಷ. ಅಂಗಡಿಗಾಗಿಯೂ ಅಷ್ಟು ಜನ ನಿಲ್ಲಬೇಕಿತ್ತು. ಹಾಗೆಂದು ಖಾಸಗಿಯವರು ಚಿರಂಜೀವಿಗಳೂ ಅಲ್ಲ. ಬ್ರಿಟನ್ನಿನ ವುಲ್‌ವರ್ತ್ಸ್ ಮೊದಲ ಮಳಿಗೆ ತೆರೆದ 1909ರಿಂದ ನೂರನೆಯ ವರ್ಷದಲ್ಲಿ, 2009ರ ಜನವರಿಯಲ್ಲಿ, ತನ್ನ 800ಕ್ಕೂ ಹೆಚ್ಚು ಅಂಗಡಿಗಳನ್ನು ಮುಚ್ಚಿ ಮುಗಿಸಿತು. ನಮ್ಮ ದೇಶದಲ್ಲಿ 2001ರಲ್ಲಿ ಹುಟ್ಟಿದ ಬಿಗ್ ಬಜಾರ್ 2022ರ ಹೊತ್ತಿಗೆ ಸಾಲದ ಭಾರದಲ್ಲಿ ಕುಸಿಯಿತು.

ನಮ್ಮ ಮೂರು ತಾಲೂಕುಗಳ ಕಥೆಗೆ ಬೇರೆಯೇ ಒಂದು ತಿರುವಿದೆ. ಬೈಂದೂರು, ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇಲ್ಲಿನ ಊರೂರಿಗೆ ವ್ಯವಸಾಯ ಸೇವಾ ಸಹಕಾರಿ ಸಂಘಗಳಿದ್ದವು. ಅವು ಮುಚ್ಚಲಿಲ್ಲ. ಕಾರಣ ಸರಳ: ರೈತನಿಗೆ ಬೆಳೆಸಾಲ, ಗೊಬ್ಬರ, ಪಡಿತರ ಮೂರೂ ಅಲ್ಲೇ. ಗೊಬ್ಬರಕ್ಕೆ ಬಂದವನು ಸಾಲದ ಕಂತು ಕಟ್ಟಿ, ಪಡಿತರದ ಅಕ್ಕಿ ಹೊತ್ತು ಹೋಗುತ್ತಾನೆ. ಪೇಟೆಯ ಜನತಾ ಬಜಾರಿಗೆ ಗ್ರಾಹಕನ ಜೊತೆ ಇಂಥ ಮೂರು ಗಂಟಿನ ನಂಟು ಇರಲೇ ಇಲ್ಲ. ಆದರೆ ಉಳಿದ ಸಂಘಗಳೂ ದಿನಸಿಯ ಕೌಂಟರಿನಿಂದ ದೂರ ಸರಿದವು. 1997ರ ಸೌಹಾರ್ದ ಸಹಕಾರಿ ಕಾಯ್ದೆ 2001ರಲ್ಲಿ ಜಾರಿಗೆ ಬಂದ ಮೇಲೆ ಪತ್ತಿನ ಸಂಘಗಳು ಇನ್ನಷ್ಟು ಹುಟ್ಟಿಕೊಂಡವು. ಬೇಳೆ ಹುಳ ಹಿಡಿಯುತ್ತದೆ, ಇಲಿ ತಿನ್ನುತ್ತದೆ, ದರ ಇಳಿದರೆ ನಷ್ಟ. ಲಾಕರಿನಲ್ಲಿಟ್ಟ ಚಿನ್ನಕ್ಕೆ ಹುಳ ಹಿಡಿಯುವುದಿಲ್ಲ. ಆಡಳಿತ ಮಂಡಳಿಗಳು ಚಿನ್ನದ ಸಾಲವನ್ನು ಆರಿಸಿಕೊಂಡದ್ದನ್ನು ತಪ್ಪೆನ್ನಲು ಮನಸ್ಸಾಗುವುದಿಲ್ಲ, ಆದರೂ ನನಗೆ ಅದು ನಷ್ಟವೆಂದೇ ಕಾಣುತ್ತದೆ.

ಯಾಕೆಂದರೆ ಅಂಗಡಿಯ ಅಗತ್ಯ ಮುಗಿದಿಲ್ಲ. ಕುಚ್ಚಲಕ್ಕಿ ಬೆಳೆಯುವ ಗದ್ದೆಯ ಪಕ್ಕದಲ್ಲೇ ಬೇರೆ ಜಿಲ್ಲೆಯ ಚೀಲದ ಅಕ್ಕಿ ಮಾರಾಟವಾಗುತ್ತದೆ. ನಮ್ಮ ತೋಟದ ತೆಂಗಿನಕಾಯಿ ಕಡಿಮೆ ದರಕ್ಕೆ ಹೋಗಿ, ತೆಂಗಿನೆಣ್ಣೆಯಾಗಿ, ಹೊಳೆವ ಬಾಟಲಿಯಲ್ಲಿ ದುಬಾರಿಯಾಗಿ ಮರಳುತ್ತದೆ. ಕುಂದಾಪುರದ ಶನಿವಾರದ ಸಂತೆಯಲ್ಲಿ ತರಕಾರಿ ಕೊಳ್ಳುವವರ ಗದ್ದಲ ನೋಡಿದರೆ ನೇರ ವ್ಯಾಪಾರಕ್ಕೆ ಜನ ಈಗಲೂ ಬರುತ್ತಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬೆಳೆದವನೂ ಸದಸ್ಯ, ಕೊಳ್ಳುವವನೂ ಸದಸ್ಯ ಆಗಿರುವ ಸಂಘದ ಬಳಿ ಗೋದಾಮಿದೆ, ಲೆಕ್ಕಿಗರಿದ್ದಾರೆ, ಬಂಡವಾಳವೂ ಇದೆ. ರಾಚ್‌ಡೇಲ್‌ನವರ ಬಳಿ ಇವುಗಳಲ್ಲಿ ಒಂದೂ ಸರಿಯಾಗಿ ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಸದಸ್ಯರ ಕೈಗೆ ಅಚ್ಚಾದ ವರದಿ ಬರುತ್ತದೆ. ಎಲ್ಲರೂ ಡಿವಿಡೆಂಡಿನ ಪುಟ ನೋಡಿ ಮಡಚಿಡುತ್ತಾರೆ. ಅದೇ ಪುಸ್ತಕದಲ್ಲಿ ವ್ಯಾಪಾರ ಖಾತೆ ಎಂಬ ಪುಟವೂ ಇರುತ್ತದೆ. ಎಷ್ಟು ಮಾಲು ಕೊಂಡಿರಿ, ಅದರಲ್ಲಿ ನಮ್ಮೂರ ರೈತರದ್ದೆಷ್ಟು, ಕೊಂಡ ಸದಸ್ಯನಿಗೆ ಅವನ ಖರೀದಿಯ ಲೆಕ್ಕದಲ್ಲಿ ಮರಳಿ ಏನು ಕೊಡುತ್ತೀರಿ ಎಂಬ ಪ್ರಶ್ನೆಗಳನ್ನು ಈ ಸಲ ಆ ಪುಟ ತೆರೆದೇ ಕೇಳಬೇಕು. ಅಧ್ಯಕ್ಷರು ಉತ್ತರಿಸುವ ತನಕ ಮೈಕು ಬಿಡಬಾರದು.