ಮುಸಾಂಗ್ ಕಿಂಗ್ ಕೇಳಿದ್ರೆ ಬೇರೇನೋ ಕೊಟ್ರಾ?

ಸಿಂಗಪುರದ ಗೇಲಾಂಗ್, ಡುರಿಯನ್ ಹಣ್ಣಿನ ಸೀಸನ್. ನೀವು ಕೇಳೋದು ಮುಸಾಂಗ್ ಕಿಂಗ್ ಅನ್ನೋ ದುಬಾರಿ ತಳಿ, ಡಬ್ಬಿಗೆ ಬೀಳೋದು ಅಗ್ಗದ್ದು!

ಹಣ್ಣಿನ ತಳ ತಿರುಗಿಸಿ ನೋಡಿ. ಅಸಲಿ ಆದ್ರೆ ಮುಳ್ಳಿಲ್ಲದ ಐದು ಗೆರೆ ಸೇರಿ ನಕ್ಷತ್ರದ ಥರ ಕಾಣುತ್ತೆ. ತೊಳೆ ಕಡು ಹಳದಿ, ಬೀಜ ಸಾಮಾನ್ಯವಾಗಿ ಚಪ್ಪಟೆ.

ತೂಕ ಮಾತ್ರ ಸಾಮಾನ್ಯವಾಗಿ ಸಿಪ್ಪೆ ಸಮೇತ. ಅರ್ಧಕ್ಕಿಂತ ಹೆಚ್ಚು ಸಿಪ್ಪೆ, ಬೀಜದ್ದೇ! ಹಾಗಾಗಿ ಬೆಲೆ ಇಡೀ ಹಣ್ಣಿಗೋ, ಬಿಡಿಸಿದ ತೊಳೆಗೋ, ಮೊದಲೇ ಕೇಳಿ. ತಕ್ಕಡಿ ಅಂಕಿ ನೀವೇ ಓದಿ. ತೂಗಿದ ಹಣ್ಣನ್ನೇ ಕಣ್ಣೆದುರು ಒಡೆಸಿ. "ಒಳಗೆ ಬಿಡಿಸಿ ತರ್ತೀನಿ" ಅಂದ್ರೆ ಒಪ್ಪಬೇಡಿ, ಹಣ್ಣು ಬದಲಾಗೋದು ಅಲ್ಲೇ. ಹುಳ ಇದ್ರೆ, ತೊಳೆ ನೀರಾಗಿದ್ರೆ ಬೇರೆ ಕೇಳಿ. ನಿಯತ್ತಿನ ಅಂಗಡಿಯವರು ಗೊಣಗಿಕೊಂಡಾದ್ರೂ ಕೊಡ್ತಾರೆ.

ಅಂದಹಾಗೆ, ಅಲ್ಲಿನ ಮೆಟ್ರೋಗೆ ಡುರಿಯನ್ ತರೋ ಹಾಗಿಲ್ಲ. ಅಲ್ಲೇ ತಿಂದು ಮುಗಿಸಿ!