ನಾಳೆಯನ್ನು ಕೇಳುವ ಮುನ್ನ

ಕೊಡಿಗೇನಹಳ್ಳಿಯ ಉತ್ತರಕ್ಕೆ, ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿ ಸೌರ ವಿದ್ಯುತ್ತಿಗಾಗಿ ಗುತ್ತಿಗೆಗೆ ಹೋಗಿದೆ. ಹೊಲದ ಒಡೆಯನಿಗೆ ವರ್ಷವರ್ಷವೂ ಬಾಡಿಗೆ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಜೀವಿಸುತ್ತಿದ್ದ ಭೂಹೀನನಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಮನೆ ಮುಳುಗದೆಯೇ ನೆಲೆ ತಪ್ಪಿ ಬೆಂಗಳೂರಿಗೆ ಹೊರಡುವವರು ಇಂಥವರು.

ಪ್ರಶ್ನಾವಳಿ ಹಿಡಿದು ಹೋಗುವ ನಾವು, ಐದು ವರ್ಷಗಳ ನಂತರ ಎಲ್ಲಿರಲು ಬಯಸುತ್ತೀರಿ ಎಂದು ಇವರನ್ನು ಕೇಳುತ್ತೇವೆ. “ದೇವ್ರಿಗೇ ಗೊತ್ತು ಸ್ವಾಮಿ” ಎಂದರೆ ‘ಉತ್ತರವಿಲ್ಲ’ವೆಂದು ಗುರುತಿಸುತ್ತೇವೆ. ಆದರೆ ಕೆಬಾರ್ ನದಿಯ ಬಳಿ ಸೆರೆಯವರ ನಡುವೆ ತಾನೂ ಸೆರೆಯವನಾಗಿದ್ದ ಯೆಹೆಜ್ಕೇಲನ ಉತ್ತರವೂ ಇದೇ ಅಲ್ಲವೇ? ಒಣಗಿದ ಎಲುಬುಗಳು ಬದುಕಬಲ್ಲವೇ ಎಂಬ ಪ್ರಶ್ನೆಗೆ (ಯೆಹೆ. 37:3) ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಕೇಳಿದಾತನಿಗೇ ಅದನ್ನು ಒಪ್ಪಿಸಿದನು.

ಅಲ್ಲಿ ಕೇಳಿದಾತನಿಗೆ ಶ್ವಾಸವನ್ನು ಕೊಡುವ ಶಕ್ತಿಯಿತ್ತು, ನಮಗಿಲ್ಲ. ಆದುದರಿಂದ ಸಭೆಯಿಂದ ಏನಾದೀತು, ಏನಾಗದು ಎಂಬುದನ್ನು ಮೊದಲು ತಿಳಿಸಿ ಆಮೇಲೆ ಕೇಳುವುದು ನ್ಯಾಯ. ಐದು ವರ್ಷದ ಮಾತು ಬಿಟ್ಟು, ಬರುವ ಜೂನ್‌ನಲ್ಲಿ ಮಗುವನ್ನು ಯಾವ ಊರಿನ ಶಾಲೆಗೆ ಸೇರಿಸುವಿರಿ ಎಂದರೆ ಬಹುಶಃ ಮಾತು ಮುಂದುವರಿದೀತು.