ಲಾವಾದ ಮೇಲೆ ನಡೆಯಲು ಕಲಿತ ಹೆಬ್ಬಾತು

ನೇನೆ ಎಂಬ ಹಕ್ಕಿ ಕಣ್ಣಿಗೆ ಬಿದ್ದರೆ ಮೊದಲು ಅದರ ಪಾದ ನೋಡಿ. ಹೆಬ್ಬಾತುಗಳ ಬೆರಳುಗಳ ನಡುವೆ ಚರ್ಮದ ಪೊರೆ ತುದಿಯವರೆಗೂ ಹಬ್ಬಿರುತ್ತದೆ. ಈಜುವಾಗ ಅದೇ ಹುಟ್ಟು. ನೇನೆಯೂ ಹೆಬ್ಬಾತೇ, ಆದರೆ ಅದರ ಪೊರೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಿದೆ. ಬೆರಳುಗಳು ಉದ್ದ, ಉಗುರು ಬಲವಾದದ್ದು, ಅಂಗಾಲು ದಪ್ಪ. ಕಾಲು ನೀಳವಾಗಿರುವುದರಿಂದ ಅದು ಬಾತುಗಳ ಹಾಗೆ ತೊನೆದಾಡದೆ ನೆಟ್ಟಗೆ ನಿಂತು ಹೆಜ್ಜೆ ಹಾಕುತ್ತದೆ. ನೀರಿಲ್ಲದ ಕಡೆ, ಕಲ್ಲಿನ ಮೇಲೆ ನಡೆದು ಬದುಕಲು ತಯಾರಾದ ಕಾಲು ಇದು.

ಆ ಕಲ್ಲು ಎಂಥದ್ದೆಂದು ಹಿಲೋ ಊರಿನಲ್ಲಿ ಮನೆ ಮಾಡಿದ ಮೇಲೆಯೇ ನನಗೆ ತಿಳಿದದ್ದು. ಹವಾಯಿಯ ದೊಡ್ಡ ದ್ವೀಪದ ಪೂರ್ವ ಕರಾವಳಿಯ ಮಳೆಯೂರು ಹಿಲೋ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಕೀಲವೇಯಾ ಜ್ವಾಲಾಮುಖಿಯ ಅಂಚು ತಲುಪಬಹುದು. ಅದರ ಹಿಂದೆ 4,169 ಮೀಟರ್ ಎತ್ತರದ ಮೌನಾ ಲೋವಾ ಪಸರಿಸಿಕೊಂಡಿದೆ; 2022ರ ನವೆಂಬರ್‌ನಲ್ಲಿ ಅದೂ ಲಾವಾ ಉಗುಳಿತ್ತು. ಇಲ್ಲಿ ಹರಿದು ಆರಿದ ಲಾವಾ ಎರಡು ಬಗೆ. ನಿಧಾನವಾಗಿ ಹರಿದದ್ದು ಪಾಹೋಯ್‌ಹೋಯ್. ಕಾದ ಹಾಲಿನ ಕೆನೆಯನ್ನು ಬೆರಳಿನಿಂದ ದೂಡಿದರೆ ಮಡಿಕೆ ಬೀಳುತ್ತದಲ್ಲ, ಹಾಗೆ ನುಣುಪಾದ ಸುರುಳಿ ಸುರುಳಿ ಕಲ್ಲು. ಇನ್ನೊಂದು ಆ-ಆ, ಹರಿಯುತ್ತಲೇ ಚೂರಾಗಿ ಒಡೆದ, ಮೊನಚು ಅಂಚಿನ ಕರಿ ಕಲ್ಲಿನ ರಾಶಿ. ಆ-ಆ ಮೇಲೆ ಗಟ್ಟಿ ಬೂಟು ಹಾಕಿಕೊಂಡು ನಡೆದರೂ ಹೆಜ್ಜೆ ಹೆಜ್ಜೆಗೂ ಕಾಲು ಹೊರಳುತ್ತದೆ, ಕೈಯೂರಿದರೆ ಚರ್ಮ ಕೀಳುತ್ತದೆ. ನೇನೆಯ ಕುಟುಂಬ ಮರಿಗಳನ್ನು ನಡುವೆ ಬಿಟ್ಟುಕೊಂಡು ಅದರ ಮೇಲೆಯೇ ಸಾಗುತ್ತದೆ.

ಇಂಥ ಕಡೆಗೆ ಹೆಬ್ಬಾತು ಬಂದದ್ದಾದರೂ ಹೇಗೆ? ಹವಾಯಿ ದ್ವೀಪಗಳು ಯಾವ ಭೂಖಂಡಕ್ಕೂ ಅಂಟಿಕೊಂಡವಲ್ಲ; ಪೆಸಿಫಿಕ್‌ನ ತಳದಿಂದ ಲಾವಾ ಒಟ್ಟಿ ಒಟ್ಟಿ ಮೇಲೆದ್ದವು. ಹತ್ತಿರದ ಭೂಖಂಡವಾದ ಉತ್ತರ ಅಮೆರಿಕ ಸುಮಾರು 3,800 ಕಿ.ಮೀ. ದೂರ. ನೇನೆಯ ಡಿಎನ್‌ಎ ಹೇಳುವ ಪ್ರಕಾರ ಅದರ ಪೂರ್ವಜರು ಕೆನಡಾ ಹೆಬ್ಬಾತಿನ ಬಳಗದವರು, ಸುಮಾರು 5 ಲಕ್ಷ ವರ್ಷಗಳ ಹಿಂದೆ ಇಲ್ಲಿಗೆ ಹಾರಿಬಂದವರು. ಬಂದವು ಮತ್ತೆ ಹೊರಡಲಿಲ್ಲ. ಚಳಿಗಾಲಕ್ಕೆ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಕೂಡ ಇದರ ದೂರದ ನಂಟೇ. ಆದರೆ ನೇನೆಗೆ ಅಂಥ ಪಯಣ ಬೇಕಿಲ್ಲ. ವರ್ಷವಿಡೀ ಬೆಚ್ಚಗಿರುವ ದ್ವೀಪದಲ್ಲಿ ಬೆಟ್ಟಕ್ಕೂ ತಗ್ಗಿಗೂ ಓಡಾಡಿಕೊಂಡರೆ ಸಾಕು.

ಆಗ ದ್ವೀಪದಲ್ಲಿ ನೆಲದ ಮೇಲೆ ಓಡಾಡುವ ಸಸ್ತನಿ ಬೇಟೆಗಾರ ಒಂದೂ ಇರಲಿಲ್ಲ. ಇದ್ದ ಸಸ್ತನಿಗಳೆಂದರೆ ಬಾವಲಿ ಮತ್ತು ಕಡಲಿನ ಸೀಲ್. ಹಾಗಾಗಿ ನೇನೆಗೆ ನೆಲದ ಮೇಲೆ ಗೂಡು ಕಟ್ಟುವುದರಲ್ಲಿ ಭಯವಿರಲಿಲ್ಲ. ಲಾವಾ ಹರಿಯುವಾಗ ಎತ್ತರದ ಜಾಗವನ್ನು ಬಳಸಿಕೊಂಡು ಹೋಗುತ್ತದೆ; ಸುಡದೆ ಉಳಿದ ಆ ಹಸಿರು ತುಂಡಿಗೆ ಇಲ್ಲಿನವರು ಕೀಪುಕ ಎನ್ನುತ್ತಾರೆ. ಅಂಥ ಕಡೆ ಪೊದೆಯ ಬುಡದಲ್ಲಿ ಹೆಣ್ಣು ನೆಲ ಕೆದರಿ, ಎದೆಯ ತುಪ್ಪುಳ ಹಾಸಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ಒಂದು ತಿಂಗಳ ಕಾವು. ಗಂಡು ಪಕ್ಕದಲ್ಲೇ ಕಾವಲು. ಮರಿ ಹಾರಲು ಎರಡೂವರೆ ಮೂರು ತಿಂಗಳು ಬೇಕು. ಆ ಅವಧಿಯಲ್ಲೇ ಅಪ್ಪ ಅಮ್ಮನ ಹಾರುಗರಿಗಳೂ ಉದುರಿ ಹೊಸದಾಗಿ ಬರುತ್ತವೆ. ಅಂದರೆ ಕೆಲವು ವಾರ ಇಡೀ ಕುಟುಂಬಕ್ಕೆ ಹಾರಾಟವೇ ಇಲ್ಲ. ಎಲ್ಲಕ್ಕೂ ಆ ಕಾಲೇ ಗತಿ.

ಹತ್ತಿರದಿಂದ ಕಂಡಾಗ ಕತ್ತಿನ ಮೇಲೆ ಕಣ್ಣು ನಿಲ್ಲುತ್ತದೆ. ಮುಖ, ನೆತ್ತಿ ಕಪ್ಪು. ಕತ್ತು ಮಾಸಲು ಹಳದಿ. ಅಲ್ಲಿನ ಗರಿಗಳು ಓರೆಯಾಗಿ ಸಾಲುಗೂಡಿ, ಸಾಲುಗಳ ನಡುವೆ ಕಪ್ಪು ಗೆರೆಗಳು ಆಳವಾಗಿ ಇಳಿದಿರುತ್ತವೆ. ಓಹೆಲೋ ಗಿಡದ ಕೆಂಪು ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಒಂದೊಂದಾಗಿ ಬಿಡಿಸಿಕೊಂಡು ತಿನ್ನುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ತಿಂದ ಹಣ್ಣಿನ ಬೀಜ ಹಿಕ್ಕೆಯೊಂದಿಗೆ ಬರಡು ಲಾವಾದ ಬಿರುಕಿಗೆ ಬೀಳುತ್ತದೆ, ಅಲ್ಲೊಂದು ಗಿಡ ಏಳುತ್ತದೆ. ನಮ್ಮ ನೇರಳೆಯ ಕುಟುಂಬಕ್ಕೇ ಸೇರಿದ ಓಹಿಯಾ ಮರ ಗಾಳಿಯಲ್ಲಿ ಬೀಜ ತೂರಿ ಲಾವಾದ ಮೇಲೆ ಬೇರೂರಿದರೆ, ಓಹೆಲೋಗೆ ನೇನೆಯಂಥ ಹಕ್ಕಿ ಬೇಕು.

ಜ್ವಾಲಾಮುಖಿಯ ಬೆಂಕಿ ಈ ಹಕ್ಕಿಯನ್ನು ಅಳಿಸಲಿಲ್ಲ. ಅಳಿವಿನಂಚಿಗೆ ತಂದವರು ಮನುಷ್ಯರು, ಅವರ ಜೊತೆ ಬಂದ ಪ್ರಾಣಿಗಳು. ಪಾಲಿನೇಷ್ಯದ ಮೊದಲ ವಲಸಿಗರ ಜೊತೆಗೇ ಹಂದಿ, ನಾಯಿ, ಇಲಿ ಬಂದಿದ್ದವು. 1778ರಲ್ಲಿ ಜೇಮ್ಸ್ ಕುಕ್ ಬಂದ ಕಾಲಕ್ಕೆ ಅಂದಾಜು 25,000 ನೇನೆ ಇದ್ದವು ಎನ್ನುತ್ತಾರೆ. ಆಮೇಲೆ ಬಂದೂಕು, ಬೆಕ್ಕು, ಜಾನುವಾರು ಸೇರಿಕೊಂಡವು. 1907ರಲ್ಲಿ ಬೇಟೆ ನಿಷೇಧವಾಗುವ ತನಕ ಚಳಿಗಾಲದಲ್ಲಿ, ಅಂದರೆ ಹಕ್ಕಿ ಮೊಟ್ಟೆಯಿಡುವ ಕಾಲದಲ್ಲೇ, ಗುಂಡು ಹಾರಿಸುತ್ತಿದ್ದರು. ಭಾರತೀಯನಾಗಿ ನನ್ನನ್ನು ಹೆಚ್ಚು ಕಾಡುವುದು ಮುಂಗುಸಿಯ ಕಥೆ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಎಂದು 1872ರಲ್ಲಿ ಕೋಲ್ಕತ್ತದಿಂದ ಒಂಬತ್ತು ಮುಂಗುಸಿಗಳು ಜಮೈಕಾಕ್ಕೆ ಹೋದವು. ಅವುಗಳ ಸಂತತಿ 1883ರಲ್ಲಿ ಹವಾಯಿಗೆ ಬಂತು. ಇಲಿ ಹೆಚ್ಚಾಗಿ ಹೊರಬೀಳುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಅದಕ್ಕೆ ಸುಲಭವಾಗಿ ಸಿಕ್ಕಿದ್ದು ನೆಲದ ಮೇಲಿನ ಮೊಟ್ಟೆ, ಹಾರಲಾರದ ಮರಿ.

1950ರ ಸುಮಾರಿಗೆ ಕಾಡಿನಲ್ಲಿ ಉಳಿದದ್ದು ಹೆಚ್ಚೆಂದರೆ 30. ಹಿಲೋ ಬಳಿಯ ಜಮೀನುದಾರ ಹರ್ಬರ್ಟ್ ಶಿಪ್‌ಮನ್ 1918ರಿಂದ ಒಂದು ಹಿಂಡು ಸಾಕಿದ್ದರು. 1946ರ ಸುನಾಮಿಯಲ್ಲಿ ಅದರಲ್ಲೂ ಬಹುಪಾಲು ಕೊಚ್ಚಿಹೋಯಿತು. ಉಳಿದವುಗಳಲ್ಲಿ ಎರಡನ್ನು 1950ರಲ್ಲಿ ಇಂಗ್ಲೆಂಡಿನ ಸ್ಲಿಮ್‌ಬ್ರಿಜ್‌ನಲ್ಲಿ ಪೀಟರ್ ಸ್ಕಾಟ್ ಕಟ್ಟಿದ ಪಕ್ಷಿಧಾಮಕ್ಕೆ ಕಳಿಸಿದರು. ಜೋಡಿ ಎಂದುಕೊಂಡರೆ ಎರಡೂ ಮೊಟ್ಟೆ ಇಟ್ಟವು! ತರಾತುರಿಯಲ್ಲಿ ಗಂಡೊಂದನ್ನು ವಿಮಾನದಲ್ಲಿ ತರಿಸಬೇಕಾಯಿತು. ಅತ್ತ ಹವಾಯಿಯ ಪೋಹಾಕುಲೋವಾದಲ್ಲೂ ಮರಿ ಮಾಡಿಸುವ ಕೆಲಸ ಶುರುವಾಗಿತ್ತು. 1962ರಲ್ಲಿ ಮಾವಿ ದ್ವೀಪದ ಹಲೆಯಾಕಲಾ ಜ್ವಾಲಾಮುಖಿಯ ಕುಳಿಗೆ ಹಕ್ಕಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ಇಳಿಸಿದವರು ಸ್ಕೌಟ್ ಹುಡುಗರು.

ಆದರೆ ಬಿಟ್ಟ ಹಕ್ಕಿಗಳೆಲ್ಲ ಬದುಕಲಿಲ್ಲ. ಕೆಲವೇ ಹಕ್ಕಿಗಳಿಂದ ಬೆಳೆದ ಸಂತಾನವಾದ್ದರಿಂದ ರಕ್ತಸಂಬಂಧದ ತೊಡಕುಗಳಿದ್ದವು. ಕೆಲವು ಮರಿಗಳ ತುಪ್ಪುಳವೇ ಸರಿಯಾಗಿ ಬೆಳೆಯದೆ ಮೈ ಬೆಚ್ಚಗೆ ಉಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಜಾಗದ್ದು. ಕೊನೆಯ ನೇನೆಗಳು ಎತ್ತರದ ಲಾವಾ ಬಯಲಿನಲ್ಲಿ ಸಿಕ್ಕಿದ್ದರಿಂದ ಅದೇ ಅವುಗಳ ಮೂಲ ನೆಲೆ ಎಂದು ಭಾವಿಸಿ ಅಲ್ಲಿಗೇ ಬಿಡಲಾಗಿತ್ತು. ನಿಜಕ್ಕೂ ಅವು ಮರಿ ಮಾಡುತ್ತಿದ್ದದ್ದು ಬಹುಪಾಲು ತಗ್ಗಿನಲ್ಲಿ. ಎತ್ತರದಲ್ಲಿ ಮರಿ ಬೆಳೆಯಲು ಬೇಕಾದ ಎಳೆ ಹುಲ್ಲು ಸಾಲದು. ಇದಕ್ಕೆ ಪುರಾವೆ ಕೌವಾಯಿ ದ್ವೀಪ. 1982ರ ಈವಾ ಚಂಡಮಾರುತದ ಸಮಯದಲ್ಲಿ ಅಲ್ಲಿ ಸಾಕಿದ್ದ ಕೆಲವು ನೇನೆಗಳು ಹೊರಬಿದ್ದವು. ತಗ್ಗು ನೆಲ, ಹುಲ್ಲು, ಮುಂಗುಸಿ ನೆಲೆಯೂರದ ದ್ವೀಪ. ಇಂದು ಅತಿ ಹೆಚ್ಚು ನೇನೆ ಇರುವುದು ಅಲ್ಲೇ.

2019ರ ಹೊತ್ತಿಗೆ ಒಟ್ಟು ಸಂಖ್ಯೆ 2,800 ದಾಟಿತ್ತು. ಆ ವರ್ಷ ಅಮೆರಿಕ ಸರ್ಕಾರ ನೇನೆಯನ್ನು ಅತ್ಯಂತ ಗಂಡಾಂತರದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಇದು ಜನ ದಶಕಗಳ ಕಾಲ ಪಟ್ಟುಹಿಡಿದು ಗಳಿಸಿದ್ದು, ಇನ್ನೂ ಪೂರ್ತಿ ಗೆದ್ದದ್ದಲ್ಲ. ಮುಂಗುಸಿ ಇದೆ, ಬೀದಿಬೆಕ್ಕು ಹರಡುವ ಟೊಕ್ಸೊಪ್ಲಾಸ್ಮಾ ರೋಗವಿದೆ, ಎಲ್ಲಕ್ಕಿಂತ ಹತ್ತಿರದಲ್ಲಿ ನಮ್ಮ ಕಾರುಗಳಿವೆ.

ರಜೆಗೆ ಹವಾಯಿಗೆ ಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಲಾವಾ ನೋಡಲು ಬಂದವರಿಗೆ ಪಾರ್ಕಿಂಗ್ ಜಾಗದಲ್ಲೇ ನೇನೆ ಎದುರಾದರೆ ಚಿಪ್ಸೋ ಬ್ರೆಡ್ಡೋ ಎಸೆಯುವ ಆಸೆಯಾಗುತ್ತದೆ. ದಯವಿಟ್ಟು ಎಸೆಯಬೇಡಿ. ತಿನಿಸಿನ ರುಚಿ ಹತ್ತಿದ ಹಕ್ಕಿ ಕಾರು ಕಂಡರೆ ದೂರ ಸರಿಯುವ ಬದಲು ಹತ್ತಿರ ಬರುತ್ತದೆ, ಕೊನೆಗೆ ಚಕ್ರದಡಿ ಸಿಗುತ್ತದೆ. ಹಕ್ಕಿಯ ಚಿತ್ರವಿರುವ ಹಳದಿ ಫಲಕ ಕಂಡ ಕಡೆ ವೇಗ ತಗ್ಗಿಸಿ. ಒಂದು ನೇನೆ ರಸ್ತೆ ದಾಟಿದರೆ ಇನ್ನೂ ಸ್ವಲ್ಪ ಕಾಯಿರಿ. ಅದರ ಜೋಡಿ, ಮರಿಗಳು ಹಿಂದೆ ಇರುತ್ತವೆ.